ಚಳಿಗಾಲದ ಬಯಲು ಬಿತ್ತನೆ: ಏಕವಾರ್ಷಿಕ ಹೂಗಿಡಗಳು

ಒಂದೇ ವರ್ಷದೊಳಗೆ ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಸಾಯುವ ಹೂಗಿಡಗಳ ಬೀಜವನ್ನು ಚಳಿಗಾಲದಲ್ಲಿ ಮನೆಯೊಳಗೆ ಬೆಚ್ಚಗಿಡದೆ ಹೊರಗಿನ ಬಯಲಲ್ಲೇ ಬಿತ್ತುವ ತೋಟಗಾರಿಕೆ ಪದ್ಧತಿ. ಹಿಮ ಬೀಳುವ ಉತ್ತರ ಅಮೆರಿಕ, ಯುರೋಪುಗಳಲ್ಲಿ ಹೀಗೆ ಬಿತ್ತಿದ ಬೀಜ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಮಲಗಿದ್ದು, ವಸಂತದ ಬಿಸಿಲಿಗೆ ತಾನಾಗಿ ಮೊಳೆಯುತ್ತದೆ. ಹಿಮವೇ ಕಾಣದ ದಕ್ಷಿಣ ಭಾರತದಲ್ಲಿ ಇವೇ ಹೂಗಳಿಗೆ ಚಳಿಗಾಲವೇ ಬೆಳೆಯುವ ಕಾಲ.

ಚಳಿನಾಡಿನ ತೋಟಗಾರರ ರೂಢಿಯ ದಾರಿ ಬೇರೆ. ಫೆಬ್ರವರಿಯಲ್ಲಿ ಮನೆಯೊಳಗೆ ಟ್ರೇಗಳಲ್ಲಿ ಬೀಜ ಹಾಕಿ, ಕೆಳಗೆ ಬಿಸಿ ಹಾಸು, ಮೇಲೆ ಟ್ಯೂಬ್‌ಲೈಟು ಇಟ್ಟು ಸಸಿ ಬೆಳೆಸುತ್ತಾರೆ. ಮೇ ತಿಂಗಳಲ್ಲಿ ಆ ಸಸಿಗಳನ್ನು ದಿನಕ್ಕೆ ಒಂದೆರಡು ಗಂಟೆ ಹೊರಗಿಟ್ಟು, ಗಾಳಿ ಬಿಸಿಲಿಗೆ ಒಗ್ಗಿಸಿ, ಆಮೇಲೆ ನೆಡುತ್ತಾರೆ. ಬಯಲು ಬಿತ್ತನೆಯಲ್ಲಿ ಆ ಖರ್ಚೂ ಇಲ್ಲ, ಒಗ್ಗಿಸುವ ಕೆಲಸವೂ ಇಲ್ಲ; ಗಿಡ ಹುಟ್ಟುವುದೇ ಗಾಳಿಯಲ್ಲಿ. ಆದರೆ ಉಳಿತಾಯಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಯಾವಾಗ ಮೊಳೆಯಬೇಕೆಂಬ ತೀರ್ಮಾನವನ್ನು ಈ ಪದ್ಧತಿ ಬೀಜಕ್ಕೇ ಬಿಡುತ್ತದೆ. ಬೀಜ ಆ ತೀರ್ಮಾನಕ್ಕೆ ಬರುವ ಲೆಕ್ಕಾಚಾರ ಅದರ ತವರಿನ ಹವೆಯಲ್ಲಿ ಸಾವಿರಾರು ವರ್ಷ ಪಳಗಿದ್ದು.

ತವರಿನ ಮಳೆಗಾಲ

ಒಂದು ಹೂವನ್ನು ಚಳಿಯಲ್ಲಿ ಬಿತ್ತಬಹುದೇ ಎಂದು ತಿಳಿಯಬೇಕಾದರೆ ಮೊದಲು ಕೇಳಬೇಕಾದದ್ದು, ಅದರ ತವರಿನಲ್ಲಿ ಮಳೆ ಯಾವಾಗ ಎಂದು. ಬೀಜದ ಪೊಟ್ಟಣದ ಹಿಂದೆ ಅಚ್ಚಾದ ತಿಂಗಳಿಗಿಂತ ಈ ಒಂದು ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಮಳೆ ಸುಮಾರಾಗಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ. ಬೇಸಿಗೆಯಲ್ಲಿ ನೆಲ ಒಣಗಿ ಬಿರಿಯುತ್ತದೆ. ಕ್ಯಾಲೆಂಡುಲಾ, ಸ್ವೀಟ್ ಪೀ, ಲಾರ್ಕ್‌ಸ್ಪರ್, ಆಲಿಸಮ್, ಅಡುಗೆಯ ಕಲೋಂಜಿಗೆ ಹತ್ತಿರದ ಬಂಧುವಾದ ನೈಜೆಲ್ಲಾ ಎಲ್ಲ ಆ ಕಡೆಯವು. ಮೊದಲ ಮಳೆಗೆ ಮೊಳೆತು, ಚಳಿಗಾಲವಿಡೀ ನೆಲಕ್ಕಂಟಿದ ಎಲೆಗುಚ್ಛವಾಗಿ ಉಳಿದು ಬೇರಿಳಿಸುತ್ತವೆ; ವಸಂತದಲ್ಲಿ ಹೂವಾಗಿ, ಬಿಸಿಲು ಏರುವ ಮೊದಲೇ ಬೀಜ ಉದುರಿಸಿ ಮುಗಿಸುತ್ತವೆ. ಸಸ್ಯಶಾಸ್ತ್ರದಲ್ಲಿ ಇವಕ್ಕೆ ಚಳಿಗಾಲದ ಏಕವಾರ್ಷಿಕಗಳೆಂದೇ ಹೆಸರು. ಇವು ಹೆದರಿ ಬೀಜದೊಳಗೆ ಅಡಗುವುದು ಬೇಸಿಗೆಗೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇದೇ ಬಗೆಯ ಹವೆ. 1903ರಿಂದ ಆ ರಾಜ್ಯದ ಹೂವಾಗಿರುವ ಕಿತ್ತಳೆ ಬಣ್ಣದ ಕ್ಯಾಲಿಫೋರ್ನಿಯಾ ಪಾಪಿ, ಕ್ಲಾರ್ಕಿಯಾ ಮುಂತಾದವು ಅಲ್ಲಿನ ಚಳಿಗಾಲದ ಮಳೆಗೇ ಹುಟ್ಟುತ್ತವೆ. ಅದೇ ರಾಜ್ಯದ ಮರುಭೂಮಿಯ ಏಕವಾರ್ಷಿಕಗಳು ಇನ್ನೂ ಎಚ್ಚರದವು. 1940ರ ದಶಕದಲ್ಲಿ ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ ಅಲ್ಲಿನ ಮಣ್ಣನ್ನು ಪ್ರಯೋಗಾಲಯಕ್ಕೆ ತಂದು ಪರೀಕ್ಷಿಸಿದರು. ಅರ್ಧ ಇಂಚಿಗಿಂತ ಕಡಿಮೆ ಮಳೆ ಸುರಿಸಿದರೆ ಬೀಜ ಅಲುಗಲಿಲ್ಲ. ಒಂದೆರಡು ಇಂಚು ಸುರಿಸಿದಾಗ ಮೊಳೆತವು. ಅಷ್ಟೇ ನೀರನ್ನು ಕೆಳಗಿನಿಂದ ಹೀರಿಕೊಳ್ಳಲು ಬಿಟ್ಟಾಗ ಮೊಳೆಯಲಿಲ್ಲ. ಬೀಜದಲ್ಲಿದ್ದ, ಮೊಳಕೆಯನ್ನು ತಡೆಯುವ ರಾಸಾಯನಿಕಗಳು ಮೇಲಿನಿಂದ ಬಿದ್ದ ಮಳೆಗೆ ತೊಳೆದುಹೋಗಬೇಕಿತ್ತು. ಗಿಡ ಹೂವಾಗುವಷ್ಟು ತೇವ ನೆಲಕ್ಕೆ ಇಳಿದಿದೆಯೇ ಎಂದು ಬೀಜ ಅಳೆಯುವ ಬಗೆ ಅದು.

ಮೆಕ್ಸಿಕೋ ಕಡೆಯ ಜಿನಿಯಾ, ಕಾಸ್ಮೋಸ್, ಚೆಂಡುಹೂಗಳ ಕಥೆ ಬೇರೆ. ಅಲ್ಲಿ ಮಳೆ ಜೂನ್‌ನಿಂದ ಅಕ್ಟೋಬರ್, ನಮ್ಮ ಮುಂಗಾರಿನ ಹಾಗೆ. ದೀಪಾವಳಿಗೆ ಕರ್ನಾಟಕದ ಬಾಗಿಲುಗಳನ್ನು ಸಿಂಗರಿಸುವ ಚೆಂಡುಹೂವಿನ ಗಿಡ ಮುಂಗಾರಿಗೆ ಬಿತ್ತಿದರೆ ದಸರೆಯ ಹೊತ್ತಿಗೆ ಹೂವಾಗುವುದು ತವರಿನ ಪಂಚಾಂಗವನ್ನು ಅದು ಇಲ್ಲೂ ಬಿಟ್ಟಿಲ್ಲವಾದ್ದರಿಂದ. ಇವುಗಳ ಬೀಜಕ್ಕೆ ಬೇಕಾದದ್ದು 20 ಡಿಗ್ರಿ ಸೆಲ್ಸಿಯಸ್ ದಾಟಿದ ಬೆಚ್ಚನೆಯ ಮಣ್ಣು. ಚಳಿ ಇವಕ್ಕೆ ಏನನ್ನೂ ಕಲಿಸುವುದಿಲ್ಲ. ತಣ್ಣನೆ ಒದ್ದೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬಿದ್ದರೆ ಕೊಳೆಯಬಹುದು, ಅವಸರದಲ್ಲಿ ಮೊಳೆತರೆ ಒಂದೇ ರಾತ್ರಿಯ ಹಿಮಕ್ಕೆ ಕಪ್ಪಾಗುತ್ತವೆ. ಚಳಿ ಬಿತ್ತನೆ ಕೈಕೊಟ್ಟಿತೆಂದು ಬೇಸರಪಡುವ ಹೊಸಬರಲ್ಲಿ ಅನೇಕರು ಈ ಎರಡು ಗುಂಪುಗಳನ್ನು ಒಟ್ಟಿಗೆ ಬಿತ್ತಿದವರು.

ಇನ್ನೊಂದು ಗುಂಪು ಹೊಲದ ಕಳೆಗಳದು. ಕೆಂಪು ಪಾಪಿ, ನೀಲಿ ಕಾರ್ನ್‌ಫ್ಲವರ್‌ಗಳು ಗೋಧಿಯ ಹೊಲಗಳಲ್ಲಿ ಉಳುಮೆಯ ಬೆನ್ನಿಗೆ ಹುಟ್ಟುತ್ತ ಯುರೋಪಿನುದ್ದಕ್ಕೂ ಹರಡಿದವು. ಹೂತುಹೋದ ಪಾಪಿ ಬೀಜ ದಶಕಗಳ ಕಾಲ ಜೀವ ಹಿಡಿದಿರುತ್ತದೆ. ಮಣ್ಣು ತಿರುವಿ ಬೆಳಕು ತಾಗಿದಾಗ ಏಳುತ್ತದೆ. 1914ರಿಂದ 1918ರ ಮಹಾಯುದ್ಧದಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸಿನ ರಣಭೂಮಿಯನ್ನು ಫಿರಂಗಿ ಗುಂಡುಗಳು ಅಗೆದು ಹಾಕಿದ ಕಡೆಗಳಲ್ಲೆಲ್ಲ ಕೆಂಪು ಪಾಪಿ ಎದ್ದದ್ದು ಇದರಿಂದಲೇ. 1921ರಿಂದ ಬ್ರಿಟನ್ನಿನಲ್ಲಿ ಅದು ಮಡಿದ ಸೈನಿಕರ ನೆನಪಿನ ಹೂವಾಗಿದೆ. ಇದೇ ಕಾಡು ಪಾಪಿಯಲ್ಲಿ ಬಿಳಿ ಅಂಚಿನ ಒಂದು ಹೂವನ್ನು 1880ರಲ್ಲಿ ಇಂಗ್ಲೆಂಡಿನ ಶರ್ಲಿ ಎಂಬ ಊರಿನ ಪಾದ್ರಿ ವಿಲಿಯಂ ವಿಲ್ಕ್ಸ್ ಗುರುತಿಸಿ, ಅದರ ಬೀಜವನ್ನು ವರ್ಷವರ್ಷವೂ ಆರಿಸಿ ಬೆಳೆಸಿ, ಇಂದು ತೋಟಗಳಲ್ಲಿ ಕಾಣುವ ಶರ್ಲಿ ಪಾಪಿಗಳ ತಳಿಯನ್ನು ರೂಪಿಸಿದರು.

ಬೀಜದೊಳಗಿನ ಲೆಕ್ಕ

ಒಣಗಿದ ಬೀಜ ಹೆಪ್ಪುಗಟ್ಟಿದರೂ ಸಾಯುವುದಿಲ್ಲ. ಅದರಲ್ಲಿ ನೀರಿನಂಶ ಅಷ್ಟು ಕಡಿಮೆ. 2008ರಲ್ಲಿ ತೆರೆದ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ಬೀಜ ಭಂಡಾರದಲ್ಲಿ ಜಗತ್ತಿನ ಬೆಳೆಗಳ ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿ ಇಟ್ಟಿರುವುದು ಈ ನಂಬಿಕೆಯ ಮೇಲೆಯೇ. ಆದರೆ ಒಣ ಬೀಜಕ್ಕೆ ಚಳಿ ತಾಗಿದರೆ ಕಾಪಾಡಿದಂತಾಯಿತೇ ಹೊರತು ಎಬ್ಬಿಸಿದಂತಾಗಲಿಲ್ಲ. ಎಬ್ಬಿಸುವುದು ನೆನೆದ ಬೀಜಕ್ಕೆ ತಾಗುವ ಚಳಿ. ಸುಮಾರು 1ರಿಂದ 5 ಡಿಗ್ರಿಯ ತಂಪಿನಲ್ಲಿ, ತೇವದಲ್ಲಿ, ಕೆಲವು ವಾರ ಕಳೆದಾಗ ಸುಪ್ತಾವಸ್ಥೆಯನ್ನು ಕಾಯುವ ಅಬ್ಸಿಸಿಕ್ ಆಮ್ಲದ ಹಿಡಿತ ಸಡಿಲವಾಗಿ, ಮೊಳಕೆಗೆ ದೂಡುವ ಜಿಬ್ಬರೆಲಿನ್ ಎಂಬ ಹಾರ್ಮೋನಿನ ಕೈ ಮೇಲಾಗುತ್ತದೆ. ಬೀಜದ ಪೊಟ್ಟಣವನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟು ಚಳಿ ಕೊಟ್ಟೆವೆಂದುಕೊಳ್ಳುವುದು ಅದಕ್ಕೇ ವ್ಯರ್ಥ. ನಾಲ್ಕರಿಂದ ಹನ್ನೆರಡು ವಾರದ ದೀರ್ಘ ಚಳಿ ಮುಖ್ಯವಾಗಿ ಬಹುವಾರ್ಷಿಕಗಳಿಗೂ ಮರಗಳಿಗೂ ಬೇಕು. ಏಕವಾರ್ಷಿಕಗಳಲ್ಲಿ ಹೆಚ್ಚಿನವಕ್ಕೆ ಕೆಲವು ದಿನದ ತಂಪು, ಮೊಳೆಯುವ ಹೊತ್ತಿಗೆ ತಣ್ಣನೆ ಮಣ್ಣು ಇಷ್ಟಿದ್ದರೆ ಸಾಕು. ಲಾರ್ಕ್‌ಸ್ಪರ್ ಇದರಲ್ಲಿ ಹಠಮಾರಿ. ಮಣ್ಣು 18 ಡಿಗ್ರಿ ದಾಟಿತೆಂದರೆ ಅದು ಮೊಳೆಯಲು ಹಿಂಜರಿಯುತ್ತದೆ.

ಬೆಳಕಿನ ಲೆಕ್ಕ ಬೇರೆಯೇ ಇದೆ. ಪಾಪಿ, ಪೆಟೂನಿಯಾ, ಸ್ನಾಪ್‌ಡ್ರಾಗನ್‌ನಂಥ ಧೂಳಿನಷ್ಟು ಸಣ್ಣ ಬೀಜಗಳು ಬೆಳಕು ಕಂಡರೆ ಮಾತ್ರ ಚೆನ್ನಾಗಿ ಮೊಳೆಯುತ್ತವೆ. ಆಳದಿಂದ ಮೇಲೇರಿ ಬರುವಷ್ಟು ಬುತ್ತಿ ಅವುಗಳೊಳಗಿಲ್ಲ. ಒಂದು ಗ್ರಾಮಿಗೆ ಪೆಟೂನಿಯಾ ಬೀಜ ಸುಮಾರು 10,000 ತೂಗಿದರೆ ಸ್ವೀಟ್ ಪೀ ಬರೀ ಹನ್ನೆರಡೋ ಹದಿನೈದೋ. 1952ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಲ್ಟ್ಸ್‌ವಿಲ್‌ನ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರದವರು, ಕೆಂಪು ಬೆಳಕು ಲೆಟಿಸ್ ಬೀಜವನ್ನು ಎಬ್ಬಿಸುತ್ತದೆ, ಅದಕ್ಕೂ ಆಚೆಯ ದೂರಗೆಂಪು ಮತ್ತೆ ಮಲಗಿಸುತ್ತದೆ ಎಂದು ತೋರಿಸಿದರು. ಇದನ್ನು ನಡೆಸುವ ಫೈಟೋಕ್ರೋಮ್ ಎಂಬ ವರ್ಣಕ ಪತ್ತೆಯಾದದ್ದು ಆ ಜಾಡಿನಲ್ಲೇ. ಲಾರ್ಕ್‌ಸ್ಪರ್, ಕ್ಯಾಲೆಂಡುಲಾಗಳಿಗೆ ಕತ್ತಲೆ ಹಿತ. ಅವನ್ನು ಮಣ್ಣಿನಿಂದ ಮುಚ್ಚಬೇಕು.

ಸ್ವೀಟ್ ಪೀ ಬೀಜದ ಬೀಗ ಅದರ ಸಿಪ್ಪೆಯಲ್ಲಿದೆ. ಗಟ್ಟಿ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಮಣ್ಣು ಆ ಸಿಪ್ಪೆಯನ್ನು ನಿಧಾನವಾಗಿ ಸಡಿಲಿಸುತ್ತದೆ. ಹಿಮವಿಲ್ಲದ ಕಡೆ ಉಪ್ಪುಕಾಗದದಿಂದ ಒಂದು ಬದಿ ಉಜ್ಜಿ ರಾತ್ರಿ ನೆನೆಹಾಕುತ್ತಾರೆ. ಈ ಹೂವಿನ ಚರಿತ್ರೆಯೂ ಸೊಗಸಾದದ್ದು. ಸಿಸಿಲಿಯ ಸನ್ಯಾಸಿ ಫ್ರಾನ್ಸೆಸ್ಕೋ ಕುಪಾನಿ 1699ರಲ್ಲಿ ಇದರ ಬೀಜವನ್ನು ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿದ್ದ ರಾಬರ್ಟ್ ಯುವ್‌ಡೇಲ್ ಎಂಬ ಶಾಲಾಮಾಸ್ತರರಿಗೆ ಕಳಿಸಿದರು. 19ನೇ ಶತಮಾನದ ಕೊನೆಯಲ್ಲಿ ಶ್ರಾಪ್‌ಶೈರಿನ ವೆಮ್ ಊರಿನಲ್ಲಿ ಹೆನ್ರಿ ಎಕ್‌ಫರ್ಡ್ ದೊಡ್ಡ ಹೂವಿನ ತಳಿಗಳನ್ನು ಬೆಳೆಸಿದರು. 1905ರಲ್ಲಿ ಬೇಟ್‌ಸನ್, ಸಾಂಡರ್ಸ್, ಪನ್ನೆಟ್ ಎಂಬ ವಿಜ್ಞಾನಿಗಳು ಕೆಲವು ಗುಣಗಳು ಜೊತೆಜೊತೆಯಾಗಿಯೇ ಮುಂದಿನ ಪೀಳಿಗೆಗೆ ಇಳಿಯುತ್ತವೆಂದು ಕಂಡದ್ದೂ ಈ ಹೂವಿನಲ್ಲೇ. ಬ್ರಿಟನ್ನಿನಲ್ಲಿ ಹೂವಿನ ಸ್ಪರ್ಧೆಗಳಿಗೆಂದು ಬೆಳೆಯುವವರು ಇಂದಿಗೂ ಇದನ್ನು ಅಕ್ಟೋಬರಿನಲ್ಲೇ ಬಿತ್ತಿ, ಗಾಜು ಮುಚ್ಚಿದ ತಣ್ಣನೆ ಪೆಟ್ಟಿಗೆಗಳಲ್ಲಿ ಚಳಿ ಕಳೆಯಿಸುತ್ತಾರೆ.

ಇಲ್ಲಿ ಎರಡು ವಿಷಯಗಳನ್ನು ಬೇರೆಬೇರೆಯಾಗಿ ಹಿಡಿಯಬೇಕು. ಚಳಿ ಬೀಜವನ್ನು ಎಬ್ಬಿಸುವುದು ಒಂದು. ಚಳಿ ಕಂಡ ಎಳೆಗಿಡ ಮುಂದೆ ಹೂಬಿಡಲು ಸಿದ್ಧವಾಗುವುದು ಇನ್ನೊಂದು. ಎರಡನೆಯದನ್ನು 1918ರಲ್ಲಿ ಜರ್ಮನಿಯ ಗುಸ್ತಾವ್ ಗಾಸ್ನರ್ ಚಳಿಗಾಲದ ರೈ ಧಾನ್ಯದಲ್ಲಿ ಕ್ರಮವಾಗಿ ಪರೀಕ್ಷಿಸಿ ತೋರಿಸಿದರು. 1920ರ ದಶಕದ ಕೊನೆಗೆ ಸೋವಿಯತ್ ಒಕ್ಕೂಟದ ಟ್ರೋಫಿಮ್ ಲೈಸೆಂಕೊ ಇದೇ ವಿಷಯದಿಂದ ಹೆಸರು ಮಾಡಿ, ಚಳಿ ಕೊಟ್ಟ ಗೋಧಿಯ ಗುಣ ವಂಶಪಾರಂಪರ್ಯವಾಗಿಯೂ ಬದಲಾಗುತ್ತದೆಂಬ ತಪ್ಪು ವಾದಕ್ಕೆ ಸರ್ಕಾರದ ಬೆಂಬಲ ಗಿಟ್ಟಿಸಿದ. ಅದನ್ನು ಎದುರಿಸಿದ ಮಹಾ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ 1943ರಲ್ಲಿ ಸರಾತೋವ್ ಸೆರೆಮನೆಯಲ್ಲಿ ತೀರಿಕೊಂಡರು. ಕೃಷಿ ವಿಜ್ಞಾನಕ್ಕಾದ ಅಂಥ ಗಾಯ ಇನ್ನೊಂದಿಲ್ಲ. ಚಳಿಯ ನೆನಪು ಗಿಡದಲ್ಲಿ ಹೇಗೆ ಉಳಿಯುತ್ತದೆಂಬುದು ಈಗ ತಿಳಿದಿದೆ: ಹೂಬಿಡುವುದನ್ನು ತಡೆಹಿಡಿಯುವ ಒಂದು ಜೀನು ದೀರ್ಘ ಚಳಿಯಲ್ಲಿ ಮೌನವಾಗುತ್ತದೆ, ಚಳಿ ಹೋದ ಮೇಲೂ ಆ ಗಿಡದಲ್ಲಿ ಮೌನವಾಗಿಯೇ ಉಳಿಯುತ್ತದೆ, ಮುಂದಿನ ಪೀಳಿಗೆಯ ಬೀಜದಲ್ಲಿ ಮತ್ತೆ ಮೊದಲಿನಂತೆ ಎಚ್ಚರಗೊಳ್ಳುತ್ತದೆ.

ಹಾಲಿನ ಜಗ್ಗು

ಬಯಲಲ್ಲಿ ಚೆಲ್ಲಿದ ಬೀಜವನ್ನು ಹಕ್ಕಿ ತಿನ್ನುತ್ತದೆ, ಮಳೆ ಕೊಚ್ಚುತ್ತದೆ, ಕಳೆ ನುಂಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಮನೆಮನೆಯಲ್ಲೂ ಸಿಗುವ ಪರಿಹಾರ ಗ್ಯಾಲನ್ ಹಾಲಿನ ಪ್ಲಾಸ್ಟಿಕ್ ಜಗ್ಗು, ಸುಮಾರು 3.8 ಲೀಟರಿನದು. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನ ಟ್ರೂಡಿ ಡೇವಿಡಾಫ್ 2000ದ ಆಸುಪಾಸಿನಲ್ಲಿ ಈ ಕ್ರಮವನ್ನು ಹವ್ಯಾಸಿಗಳ ನಡುವೆ ಹಬ್ಬಿಸಿದರು.

ಜಗ್ಗಿನ ತಳಕ್ಕೆ ಬಿಸಿ ಮಾಡಿದ ಮೊಳೆಯಿಂದ ಏಳೆಂಟು ತೂತು ಹಾಕುತ್ತಾರೆ. ಹಿಡಿಯ ಕೆಳತುದಿಯ ಮಟ್ಟದಲ್ಲಿ ಸುತ್ತ ಕೊಯ್ದು, ಹಿಡಿಯ ಬಳಿ ಮೂರು ಬೆರಳಗಲ ಹಾಗೇ ಬಿಟ್ಟರೆ ಮೇಲ್ಭಾಗ ಮುಚ್ಚಳದಂತೆ ತೆರೆದು ಮುಚ್ಚುತ್ತದೆ. ಒಳಗೆ ಎಂಟರಿಂದ ಹತ್ತು ಸೆಂಟಿಮೀಟರ್ ಹಗುರ ಮಣ್ಣುಮಿಶ್ರಣ. ಅದು ಪೂರಾ ನೆನೆದು ಹೆಚ್ಚಿನ ನೀರು ತೂತುಗಳಿಂದ ಇಳಿದ ಮೇಲೆ ಬೀಜ. ಸಣ್ಣ ಬೀಜವನ್ನು ಮೇಲೆ ಉದುರಿಸಿ ಅಂಗೈಯಿಂದ ಒತ್ತುತ್ತಾರೆ, ದೊಡ್ಡದನ್ನು ಅದರ ದಪ್ಪದ ಎರಡರಷ್ಟು ಆಳಕ್ಕೆ ಇಳಿಸುತ್ತಾರೆ. ಸೀಳಿನ ಸುತ್ತ ಟೇಪು ಬಿಗಿದು, ಬಾಯಿಯ ಬಿರಡೆಯನ್ನು ಮಾತ್ರ ತೆಗೆದಿಟ್ಟು ಹೊರಗಿಡುತ್ತಾರೆ. ಮಳೆ, ಹಿಮ ಆ ಬಾಯಿಯಿಂದ ಒಳಗಿಳಿಯುತ್ತವೆ, ಬಿಸಿಗಾಳಿ ಅಲ್ಲಿಂದಲೇ ಹೊರಹೋಗುತ್ತದೆ. ಹೂವಿನ ಹೆಸರನ್ನು ತಳದಲ್ಲೂ ಬರೆದಿಡುವುದು ಒಳ್ಳೆಯದು. ಮೇಲೆ ಮಾರ್ಕರಿನಲ್ಲಿ ಬರೆದದ್ದು ಮಾರ್ಚ್ ಹೊತ್ತಿಗೆ ಬಿಸಿಲಿಗೆ ಅಳಿಸಿಹೋಗುತ್ತದೆ.

ಡಿಸೆಂಬರ್ 21ರ ಸುಮಾರಿಗೆ, ಹಗಲು ತೀರ ಮೊಟಕಾದ ದಿನ, ಬಿತ್ತನೆ ಶುರುಮಾಡುವುದು ಅನೇಕರ ವಾಡಿಕೆ. ಪಾಪಿ, ಲಾರ್ಕ್‌ಸ್ಪರ್, ನೈಜೆಲ್ಲಾ, ಕಾರ್ನ್‌ಫ್ಲವರ್, ಸ್ನಾಪ್‌ಡ್ರಾಗನ್‌ಗಳು ಮೊದಲು. ಕ್ಯಾಲೆಂಡುಲಾ, ಆಲಿಸಮ್, ಪೆಟೂನಿಯಾ ಫೆಬ್ರವರಿ ಮಾರ್ಚಿನಲ್ಲಿ. ಜಿನಿಯಾ, ಕಾಸ್ಮೋಸ್, ಚೆಂಡುಹೂ ಏಪ್ರಿಲ್ ಬರುವವರೆಗೆ ಪೊಟ್ಟಣದಲ್ಲೇ ಇರಲಿ. ಸ್ಥಳದ ಚಳಿಯನ್ನು ತಿಳಿಯಲು ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಹೊರತಂದು, 2023ರಲ್ಲಿ ಮತ್ತೆ ಪರಿಷ್ಕರಿಸಿದ ವಲಯ ನಕ್ಷೆಯಿದೆ. ಆದರೆ ಅದು ಹೇಳುವುದು ವರ್ಷದ ಅತಿ ಕಡಿಮೆ ಉಷ್ಣಾಂಶದ ಸರಾಸರಿಯನ್ನಷ್ಟೇ. ಏಕವಾರ್ಷಿಕಗಳ ಮಟ್ಟಿಗೆ ಊರಿನಲ್ಲಿ ಕೊನೆಯದಾಗಿ ಹೆಪ್ಪುಗಟ್ಟುವ ರಾತ್ರಿಯ ವಾಡಿಕೆ ತಾರೀಖು ಅದಕ್ಕಿಂತ ಉಪಯುಕ್ತ.

ಮಾರ್ಚಿನ ಒಂದು ಬೆಳಗ್ಗೆ ಜಗ್ಗಿನ ಒಳಗೋಡೆಯ ಮೇಲೆ ನೀರ ಹನಿ ಕಟ್ಟಿರುತ್ತದೆ. ಹೆಪ್ಪುಗಟ್ಟಿ ಉಬ್ಬಿ ಕುಸಿದ ಮಣ್ಣಿನ ಮೇಲ್ಪದರ ಜೇನುಗೂಡಿನಂತೆ ಪೊಳ್ಳಾಗಿರುತ್ತದೆ, ಅದರ ಸಂದುಗಳಿಗೆ ಬೀಜ ತಾನೇ ಇಳಿದಿರುತ್ತದೆ. ಮೊದಲು ಕಾಣುವ ಪಾಪಿ ಮೊಳಕೆ ಕೂದಲೆಳೆಯಷ್ಟು ತೆಳು, ಎರಡು ಬೀಜದಳಗಳೂ ಸೂಜಿಯಂತೆ ಕಿರಿದು. ಕಣ್ಣು ಹತ್ತಿರ ತರದಿದ್ದರೆ ಪಾಚಿ ಎಂದೇ ತೋರುತ್ತದೆ. ಆ ರಾತ್ರಿ ಮತ್ತೆ ಹಿಮ ಬಿದ್ದರೂ ಅವು ಬಾಗಿ ಮಲಗಿ ಮರುದಿನ ಮಧ್ಯಾಹ್ನಕ್ಕೆ ಎದ್ದು ನಿಲ್ಲುತ್ತವೆ. ಮನೆಯೊಳಗೆ ಬೆಳೆಸಿದ, ಬೆಳಕಿಗೆ ಕೊರಳು ಚಾಚಿದ ಸಸಿಗೆ ಈ ಗಟ್ಟಿತನ ಬರುವುದಿಲ್ಲ.

ತೊಂದರೆಗಳೂ ಇವೆ. ವಸಂತದ ಬಿಸಿಲಿಗೆ ಮುಚ್ಚಿದ ಜಗ್ಗು ಒಂದೇ ಮಧ್ಯಾಹ್ನದಲ್ಲಿ ಕಾದು ಸಸಿಗಳನ್ನು ಬೇಯಿಸಬಲ್ಲದು. ಮೊಳಕೆ ಕಂಡ ಮೇಲೆ ಹಗಲು ಮುಚ್ಚಳ ತೆರೆದು, ಹಿಮದ ಮುನ್ಸೂಚನೆ ಇದ್ದ ರಾತ್ರಿ ಮುಚ್ಚಬೇಕು. ಒಣಗುವುದು ಇದಕ್ಕಿಂತ ಸಾಮಾನ್ಯ. ಒಳಗೋಡೆಯ ಹನಿ ಮಾಯವಾಯಿತೆಂದರೆ ನೀರಿನ ತೊಟ್ಟಿಯಲ್ಲಿ ತಳ ಮುಳುಗಿಸಿಡಬೇಕು. ಪಿಥಿಯಂ, ರೈಜಾಕ್ಟೋನಿಯಾ ಎಂಬ ಸೂಕ್ಷ್ಮಜೀವಿಗಳಿಂದ ಬರುವ ಸಸಿ ಕೊಳೆ ರೋಗ ಈ ತಂಪಿನಲ್ಲಿ, ಓಡಾಡುವ ಗಾಳಿಯಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಪಾಪಿ, ಲಾರ್ಕ್‌ಸ್ಪರ್‌ಗಳ ಆಳಬೇರು ಕಿತ್ತು ನೆಡುವುದನ್ನು ಸಹಿಸದು. ಅವನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ನೆಡಬೇಕು, ಇಲ್ಲವೇ ಮೊದಲಿಗೇ ನೆಲದಲ್ಲಿ ಬಿತ್ತಬೇಕು. ನೆಲಕ್ಕೆ ಬಿತ್ತುವವರು ಕರಗುತ್ತಿರುವ ಹಿಮದ ಮೇಲೆಯೇ ಪಾಪಿ ಬೀಜ ಚೆಲ್ಲುವುದುಂಟು. ಬಿಳಿಯ ಮೇಲೆ ಕರಿ ಬೀಜ ಎಲ್ಲಿ ದಟ್ಟವಾಯಿತು, ಎಲ್ಲಿ ತೆಳುವಾಯಿತು ಎಂದು ಕಾಣುತ್ತದೆ, ಕರಗುವ ನೀರು ಅದನ್ನು ಮಣ್ಣಿಗೆ ಸೇರಿಸುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ತಂದ ಬೀಜವನ್ನು ಈ ಕ್ರಮಕ್ಕೆ ಹಚ್ಚುವ ಮುನ್ನ ಎರಡು ಮಾತು ನೆನಪಿಡಬೇಕು. ಕನಕಾಂಬರ, ಚೆಂಡುಹೂಗಳು ಹಿಮ ತಾಳುವವಲ್ಲ. ಸಸ್ಯಾರೋಗ್ಯದ ಕಾಗದಪತ್ರಗಳಿಲ್ಲದೆ ಬೀಜವನ್ನು ಅಮೆರಿಕಕ್ಕೆ ಒಯ್ಯುವಂತೆಯೂ ಇಲ್ಲ.

ಕರ್ನಾಟಕದ ಮಾಗಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಜನವರಿಯ ರಾತ್ರಿಗಳು ವಾಡಿಕೆಯಲ್ಲಿ 16 ಡಿಗ್ರಿ ಆಸುಪಾಸು; ದಾಖಲಾದ ಅತಿ ಕಡಿಮೆ 7.8 ಡಿಗ್ರಿ, 1884ರ ಜನವರಿ 13ರಂದು. ಬೀಜ ಮಲಗುವ ಚಳಿ ಇದಲ್ಲ. ಮೆಡಿಟರೇನಿಯನ್ ಹೂವಿಗೆ ಇಲ್ಲಿನ ಮಾಗಿ ತನ್ನ ತವರಿನ ವಸಂತದಂತೆಯೇ ಹಿತವಾಗಿದೆ, ಆದ್ದರಿಂದ ಇಲ್ಲಿ ಜಗ್ಗೂ ಬೇಡ, ಮುಚ್ಚಳವೂ ಬೇಡ. ವಿಜಯಪುರ, ಕಲಬುರಗಿಯ ಎರೆಹೊಲದ ರೈತ ಹಿಂಗಾರಿಗೆ ಕಡಲೆ, ಕುಸುಬೆ ಬಿತ್ತುವಾಗ ಈ ತತ್ವವನ್ನೇ ನಡೆಸುತ್ತಿರುತ್ತಾನೆ. ಅವೆರಡೂ ಪಶ್ಚಿಮ ಏಷ್ಯಾದಿಂದ ಬಂದ, ತಂಪಿನಲ್ಲಿ ಬೆಳೆಯುವ ಏಕವಾರ್ಷಿಕಗಳು. ನೆಲದಲ್ಲಿ ಉಳಿದ ತೇವದ ಮೇಲೆ ಬೆಳೆದು ಬೇಸಿಗೆಗೆ ಮುನ್ನ ಮುಗಿಯುತ್ತವೆ. ಹೂವಿನ ಮಡಿಗೂ ಹಿಂಗಾರಿನ ಹದವೇ ಹದ.

ಬೆಂಗಳೂರಿನಲ್ಲಿ ಈ ಹೂಗಳ ಪಂಚಾಂಗವನ್ನು ಗಟ್ಟಿಗೊಳಿಸಿದ್ದು ಲಾಲ್‌ಬಾಗ್. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆ, 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ಉದ್ಯಾನತಜ್ಞ ಜಿ.ಎಚ್. ಕ್ರುಂಬಿಗಲ್, 1912ರ ಮೈಸೂರು ಉದ್ಯಾನಕಲಾ ಸಂಘ, ಇವುಗಳಿಂದ ಫಲಪುಷ್ಪ ಪ್ರದರ್ಶನದ ಸಂಪ್ರದಾಯ ಬೇರೂರಿತು. ಗಣರಾಜ್ಯೋತ್ಸವದ ಹೊತ್ತಿಗೆ ಹೂ ಅರಳಿ ನಿಲ್ಲಬೇಕಾದರೆ ದಿನವನ್ನು ಹಿಂದಕ್ಕೆ ಎಣಿಸಿ ಬಿತ್ತಬೇಕು. ಪೆಟೂನಿಯಾ, ಆಸ್ಟರ್‌ಗಳಿಗೆ ಮೂರು ತಿಂಗಳು ಹಿಡಿಯುತ್ತದೆ, ಕ್ಯಾಲೆಂಡುಲಾ ಅದಕ್ಕಿಂತ ಕೊಂಚ ಬೇಗ. ಹೀಗಾಗಿ ಬಿತ್ತನೆ ಅಕ್ಟೋಬರಿನ ಸುತ್ತಮುತ್ತ. ದೆಹಲಿ ಕಡೆಯ ತೋಟಗಳಲ್ಲೂ ಸೆಪ್ಟೆಂಬರ್ ಅಕ್ಟೋಬರಿಗೆ ಬಿತ್ತಿ ಫೆಬ್ರವರಿಗೆ ಹೂ ನೋಡುವುದು ರೂಢಿ. 2023ರಲ್ಲಿ ಅಮೃತ ಉದ್ಯಾನವೆಂದು ಹೆಸರು ಬದಲಾದ ರಾಷ್ಟ್ರಪತಿ ಭವನದ ತೋಟ ಅದಕ್ಕೆ ಎಲ್ಲರೂ ಬಲ್ಲ ಉದಾಹರಣೆ.

ಇಲ್ಲಿನ ಕಷ್ಟ ಮಳೆಯದು. ಸೆಪ್ಟೆಂಬರ್ ಅಕ್ಟೋಬರಿನ ಜಡಿಮಳೆ ಧೂಳಿನಂಥ ಬೀಜವನ್ನು ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೆ ಮೀಟರ್ ಅಗಲದ, ಗೇಣೆತ್ತರದ ಏರುಮಡಿ; ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಬೀಜಕ್ಕೆ ಒಣ ಮರಳು ಬೆರೆಸಿ ಗೆರೆಗಳಲ್ಲಿ ಉದುರಿಸಿ, ಭತ್ತದ ಹುಲ್ಲನ್ನು ತೆಳ್ಳಗೆ ಹೊದಿಸಿ, ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಬೇಕು. ಎರಡು ದಿನ ತಡವಾದರೆ ಸಸಿ ಬಿಳಿಚಿ ಉದ್ದವಾಗುತ್ತದೆ. ಇರುವೆಗಳು ಬೀಜ ಹೊತ್ತೊಯ್ಯದಂತೆ ಮಡಿಯ ಸುತ್ತ ಬೂದಿ ಸುರಿಯುವುದು ಹಳೆಯ ಕ್ರಮ. ನಾಲ್ಕೈದು ಎಲೆಯಾದಾಗ ನಾಟಿ. ಲಾರ್ಕ್‌ಸ್ಪರ್ ಬೀಜಕ್ಕೆ ಮಾತ್ರ ಇಲ್ಲಿನ ತಂಪು ಸಾಲದು. ಒದ್ದೆ ಕಾಗದದಲ್ಲಿ ಸುತ್ತಿ ಎರಡು ವಾರ ಫ್ರಿಜ್ಜಿನಲ್ಲಿ, ಐಸ್ ಕಟ್ಟುವ ಖಾನೆಯಲ್ಲಲ್ಲ, ಇಟ್ಟು ನವೆಂಬರಿನಲ್ಲಿ ನೇರವಾಗಿ ನೆಲಕ್ಕೆ ಬಿತ್ತಿದರೆ ಬರುತ್ತದೆ. ಸ್ವೀಟ್ ಪೀ ಜನವರಿ ಫೆಬ್ರವರಿಯಲ್ಲಿ ಹೂಬಿಟ್ಟು ಮಾರ್ಚಿನ ಬಿಸಿಲಿಗೆ ಮುಗಿಯುತ್ತದೆ. ಮಂಗಳೂರಿನ ಕರಾವಳಿಯಲ್ಲಿ ಮಾಗಿ ರಾತ್ರಿಯೂ 20 ಡಿಗ್ರಿಗಿಂತ ಮೇಲೆಯೇ ಇರುವುದರಿಂದ ಇವುಗಳ ಹಿಂದೆ ಬೀಳುವ ಬದಲು ಜಿನಿಯಾ, ಚೆಂಡುಹೂ ಬೆಳೆಯುವುದು ಮೇಲು. ಬೀದರಿನ ರಾತ್ರಿಗಳು ಬೆಂಗಳೂರಿಗಿಂತ ತಣ್ಣಗಿರುವುದೂ ಉಂಟು. ಅಲ್ಲಿನ ಅಂಗಳಗಳಲ್ಲಿ ಕ್ಯಾಲೆಂಡುಲಾ ಚೆನ್ನಾಗಿ ಬರುತ್ತದೆ.

ಮಾರುಕಟ್ಟೆಯ ಲೆಕ್ಕದಲ್ಲಿ ಈ ಗುಂಪಿನಿಂದ ಕರ್ನಾಟಕದ ರೈತ ಗಟ್ಟಿಯಾಗಿ ಹಿಡಿದುಕೊಂಡದ್ದು ಚೀನಾ ಮೂಲದ ಆಸ್ಟರನ್ನು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯೊಲೆಟ್ ಕುಷನ್ ತಳಿಗಳು ಬಿಡಿಹೂವಿಗೂ ಹಾರಕ್ಕೂ ಹೆಸರಾದವು. ಬೀಜದ ವ್ಯಾಪಾರದಲ್ಲಿ ಬೆಂಗಳೂರಿಗೆ ಸ್ಥಾನ ತಂದವರಲ್ಲಿ ಮನಮೋಹನ ಅತ್ತಾವರ ಪ್ರಮುಖರು. 1965ರಲ್ಲಿ ಅವರು ಆರಂಭಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಹೂವಿನ ಹೈಬ್ರಿಡ್ ಬೀಜವನ್ನು ವಿದೇಶಗಳಿಗೆ ಕಳಿಸಿತು.

ಗಸಗಸೆಯ ವಿಷಯದಲ್ಲಿ ಎಚ್ಚರ ಬೇಕು. ಪಾಯಸಕ್ಕೆ ಹಾಕುವ ಗಸಗಸೆ ಅಫೀಮು ಪಾಪಿಯ ಬೀಜವೇ. ಹೂ ಎಷ್ಟೇ ಚೆಲುವಾಗಿದ್ದರೂ 1985ರ ಮಾದಕವಸ್ತು ಕಾಯಿದೆಯಂತೆ ಪರವಾನಗಿಯಿಲ್ಲದೆ ಭಾರತದಲ್ಲಿ ಅದನ್ನು ಬೆಳೆಯುವಂತಿಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತಾದ ಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಅದನ್ನು ಅಕ್ಟೋಬರ್ ನವೆಂಬರಿನಲ್ಲಿ ಬಿತ್ತುತ್ತಾರೆ. ಮನೆಯಂಗಳಕ್ಕೆ ಶರ್ಲಿ ಪಾಪಿ, ಕ್ಯಾಲಿಫೋರ್ನಿಯಾ ಪಾಪಿಗಳಿವೆ. ಅವುಗಳ ಕಾಯಿಯನ್ನು ಗಿಡದಲ್ಲೇ ಒಣಗಲು ಬಿಟ್ಟು ಬೀಜ ಕೂಡಿಸಿದರೆ ಮುಂದಿನ ಹಿಂಗಾರಿಗೆ ಒದಗುತ್ತದೆ. ಹೈಬ್ರಿಡ್ ಪೆಟೂನಿಯಾದ ಬೀಜ ಮಾತ್ರ ತಾಯಿಗಿಡದ ಬಣ್ಣವನ್ನು ಹಾಗೆಯೇ ಕೊಡುವುದಿಲ್ಲ. ಅದನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು.